ಅಳು, ಸಿಟ್ಟು, ಮೌನ: ಗಂಡು ಹೆಣ್ಣಿನ ಮಿದುಳು ಬೇರೆ ಬೇರೆಯೇ?

ಗಂಡಸರ ಮಿದುಳು ಮತ್ತು ಹೆಂಗಸರ ಮಿದುಳು ದುಃಖ, ಭಯ, ಸಿಟ್ಟುಗಳನ್ನು ಬೇರೆ ಬೇರೆ ರೀತಿಯಲ್ಲಿ ಗ್ರಹಿಸುತ್ತವೆಯೇ ಎಂದು ಮುಂಬಯಿ ಮತ್ತು ಪುಣೆಯ ಹಲವು ಓದುಗರು ಈ ತಿಂಗಳು ಕೇಳಿದ್ದಾರೆ. ಬಂದ ಪತ್ರಗಳಲ್ಲಿ ಐದನ್ನು ಆರಿಸಿ, ಬರೆದವರ ಗುರುತು ಸಿಗದಂತೆ ಸಂಕ್ಷೇಪಿಸಿ ಉತ್ತರಿಸಿದ್ದೇನೆ. ಮೊದಲ ಪತ್ರದಲ್ಲಿ ಒಂದು ಮನೆಯ ನೋವು ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಕಳೆದ ವರ್ಷ ಊರಿನಲ್ಲಿ ನಮ್ಮ ಮಾವನವರು ತೀರಿಕೊಂಡರು. ನಮ್ಮವರು ಹಿರಿಯ ಮಗ. ಊರಿಗೆ ಹೋಗಿ ಉತ್ತರಕ್ರಿಯೆಯನ್ನೆಲ್ಲ ಮುಗಿಸಿ ಬಂದರು, ಆದರೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮರುದಿನವೇ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋದರು. ಈಗ ಸಾರಿಗೆ ಉಪ್ಪು ಕಡಿಮೆಯಾದರೂ ರೇಗುತ್ತಾರೆ. ರಾತ್ರಿ ಎಚ್ಚರವಾದಾಗ ನೋಡಿದರೆ ಗ್ಯಾಲರಿಯಲ್ಲಿ ಒಬ್ಬರೇ ನಿಂತಿರುತ್ತಾರೆ. ನಾನಾದರೋ ಮಾವನವರ ಫೋಟೊ ಒರೆಸುವಾಗ ಇಂದಿಗೂ ಅಳುತ್ತೇನೆ. ಹೆಂಗಸರ ಮಿದುಳಿನಲ್ಲಿ ಭಾವನೆಯ ಭಾಗ ದೊಡ್ಡದು, ಗಂಡಸರಲ್ಲಿ ಚಿಕ್ಕದು ಎಂದು ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಇದು ನಿಜವೇ? (ಗೃಹಿಣಿ, ಡೊಂಬಿವಲಿ)

ಉತ್ತರ: ನಿಮ್ಮ ಮಗ ತೋರಿಸಿದ ವಿಡಿಯೊದಲ್ಲಿ ಹೇಳಿದ್ದು ನಿಜವಲ್ಲ. ಭಯ, ದುಃಖದಂತಹ ಭಾವನೆಗಳು ಮೂಡುವಾಗ ಮಿದುಳಿನ ಹಲವು ಭಾಗಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಅವುಗಳಲ್ಲಿ ಅಮಿಗ್ಡಲ ಎಂಬ, ಬಾದಾಮಿ ಆಕಾರದ ಒಂದು ಜೋಡಿ ಅಂಗದ ಹೆಸರು ಎಲ್ಲ ಕಡೆ ಕೇಳಿಬರುತ್ತದೆ. ಬರಿಯ ಗಾತ್ರವನ್ನೇ ಅಳೆದರೆ ಅದು ಗಂಡಸರಲ್ಲಿಯೇ ಸುಮಾರು 10 ಶೇಕಡಾ ದೊಡ್ಡದಿರುತ್ತದೆ, ಏಕೆಂದರೆ ಗಂಡಸರ ದೇಹವೂ ಇಡೀ ಮಿದುಳೂ ಸರಾಸರಿಯಲ್ಲಿ ದೊಡ್ಡದು. ಇಡೀ ಮಿದುಳಿನ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೋಲಿಸಿದಾಗ ಈ ವ್ಯತ್ಯಾಸ ಉಳಿಯುವುದಿಲ್ಲವೆಂದು, ಅಲ್ಲಿಯವರೆಗಿನ ಅಳತೆಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆ ತೋರಿಸಿತು. ಆ ತಂಡದಲ್ಲಿದ್ದ ಅಮೆರಿಕದ ನರವಿಜ್ಞಾನಿ ಲೀಸ್ ಎಲಿಯಟ್ ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ಮೂರು ದಶಕಗಳ ಸಂಶೋಧನೆಗಳನ್ನು ಮತ್ತೊಮ್ಮೆ ಪರಿಶೀಲಿಸಿದರು. ಗಂಡಸರ ಮಿದುಳು ಒಟ್ಟಾರೆ ಸುಮಾರು 11 ಶೇಕಡಾ ದೊಡ್ಡದೆಂಬುದು ಖಚಿತವಾಯಿತು; ಅದನ್ನು ಬಿಟ್ಟರೆ ಮಿದುಳಿನ ರಚನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಕಾಣುವ ವ್ಯತ್ಯಾಸದಲ್ಲಿ ಲಿಂಗದ ಪಾಲು ಸುಮಾರು 1 ಶೇಕಡಾ ಮಾತ್ರ ಎಂದು ಅವರು ಕಂಡುಕೊಂಡರು.

ಹಾಗಾದರೆ ನೀವು ಅಳುವುದು, ಅವರು ಅಳದಿರುವುದು ಏಕೆ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಇಲ್ಲಿ ಒಳಗೆ ಅನುಭವಿಸುವುದನ್ನು ಮತ್ತು ಹೊರಗೆ ತೋರಿಸುವುದನ್ನು ಬೇರೆ ಬೇರೆಯಾಗಿ ನೋಡಬೇಕು. ಆನ್ ಕ್ರಿಂಗ್ ಮತ್ತು ಆಲ್ಬರ್ಟ್ ಗಾರ್ಡನ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಮನ ಕಲಕುವ ಚಲನಚಿತ್ರದ ತುಣುಕುಗಳನ್ನು ತೋರಿಸಿ, ಅವರ ಮುಖಭಾವವನ್ನು ದಾಖಲಿಸಿ, ಮನಸ್ಸಿಗೆ ಏನನ್ನಿಸಿತೆಂದು ಕೇಳಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುಡುಗಿಯರ ಮುಖದಲ್ಲಿ ಭಾವನೆ ಹೆಚ್ಚು ಕಂಡಿತು. ಆದರೆ ಅನುಭವಿಸಿದ ಭಾವನೆಯ ತೀವ್ರತೆಯನ್ನು ಹೇಳುವಾಗ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ.

ಕಣ್ಣೀರಿನ ವಿಷಯದಲ್ಲಿಯೂ ಇದೇ ರೀತಿ ಯೋಚಿಸಬೇಕಾಗುತ್ತದೆ. ನೆದರ್‌ಲೆಂಡ್ಸ್‌ನ ಆಡ್ ವಿಂಗರ್‌ಹೂಟ್ಸ್ ಮತ್ತು ಜೊತೆಗಾರರು 37 ದೇಶಗಳಲ್ಲಿ ಅಳುವಿನ ಬಗ್ಗೆ ಮಾಹಿತಿ ಕಲೆಹಾಕಿದಾಗ ಹೆಂಗಸರು ಗಂಡಸರಿಗಿಂತ ಹೆಚ್ಚು ಅಳುತ್ತಾರೆಂಬುದು ತಿಳಿಯಿತು. ಆದರೆ ಆ ಅಂತರ ಎಲ್ಲೆಡೆ ಒಂದೇ ಆಗಿರಲಿಲ್ಲ. ಶ್ರೀಮಂತವಾದ, ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲು ಹೆಚ್ಚು ಸ್ವಾತಂತ್ರ್ಯವಿರುವ ದೇಶಗಳಲ್ಲಿ ಅದು ಹೆಚ್ಚಾಗಿತ್ತು. ಕಣ್ಣೀರನ್ನು ಮಿದುಳೊಂದೇ ನಿರ್ಧರಿಸುವುದಾದರೆ ದೇಶದಿಂದ ದೇಶಕ್ಕೆ ಅಂತರ ಹೀಗೆ ಬದಲಾಗಬೇಕಾದ ಕಾರಣವಿಲ್ಲ.

ಊರಿನಲ್ಲಿ ಸಾವು ಸಂಭವಿಸಿದ ಮನೆಯನ್ನು ನೆನಪಿಸಿಕೊಳ್ಳಿ. ಹೆಂಗಸರು ಒಳಗೆ ಹೆಣದ ಸುತ್ತ ಕುಳಿತು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾರೆ. ಹೊಸದಾಗಿ ಬಂದ ಪ್ರತಿಯೊಬ್ಬ ನೆಂಟಳೊಂದಿಗೆ ಆ ಅಳು ಮತ್ತೆ ಮೊದಲಾಗುತ್ತದೆ. ಗಂಡಸರು ಅಂಗಳದಲ್ಲಿ ಕಟ್ಟಿಗೆ, ಪುರೋಹಿತರು, ಸಾವಿನ ದಾಖಲೆ, ದೂರದವರಿಗೆ ಫೋನು, ಹನ್ನೊಂದನೆಯ ದಿನದ ಊಟ ಎಂದು ಓಡಾಡುತ್ತಿರುತ್ತಾರೆ. ಹಿರಿಯ ಮಗನ ಪಾಲಿಗೆ ಚಿತೆಗೆ ಬೆಂಕಿ ಇಡುವ ಕೆಲಸವೂ ಬರುತ್ತದೆ. ಆ ಹೊತ್ತಿನಲ್ಲಿ ಅವನು ಕುಸಿದರೆ ಎಲ್ಲವೂ ನಿಂತುಹೋಗುತ್ತದೆ ಎಂಬ ಹೊಣೆ ಅವನ ಮೇಲಿರುತ್ತದೆ. ನಿಮ್ಮ ಪತಿಗೆ ತಂದೆಗಾಗಿ ಅಳಲು ಒಂದು ಗಂಟೆಯ ಬಿಡುವಾದರೂ ಸಿಕ್ಕಿತ್ತೇ ಎಂದು ನೀವೇ ಯೋಚಿಸಿ ನೋಡಿ. ಮುಂಬಯಿಗೆ ಮರಳಿದ ಮೇಲೆ ಆ ಬಿಡುವು ಇನ್ನೂ ದುರ್ಲಭ.

ದುಃಖವನ್ನು ಅಧ್ಯಯನ ಮಾಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮಂಡಿಸಿದ ಸಿದ್ಧಾಂತವು ನಿಮ್ಮ ಮನೆಗೆ ತುಂಬ ಅನ್ವಯಿಸುತ್ತದೆ. ಅಗಲಿದವರನ್ನು ನೆನೆದು ಅಳುವುದು ಒಂದು ಕಡೆ, ಅವರಿಲ್ಲದ ಬದುಕನ್ನು ಹೊಂದಿಸಿಕೊಳ್ಳುವ ಕೆಲಸಗಳು ಇನ್ನೊಂದು ಕಡೆ; ಆರೋಗ್ಯಕರವಾಗಿ ಚೇತರಿಸಿಕೊಳ್ಳುವವರು ಇವೆರಡರ ನಡುವೆ ಓಡಾಡುತ್ತಿರುತ್ತಾರೆ ಎಂಬುದು ಅದರ ಸಾರ. ಹೆಂಗಸರು ಮೊದಲನೆಯದರಲ್ಲಿ, ಗಂಡಸರು ಎರಡನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸಾಮಾನ್ಯ. ಅದೇ ತಂಡ 1997ರಲ್ಲಿ, ಸಂಗಾತಿಯನ್ನು ಕಳೆದುಕೊಂಡು ತಿಂಗಳುಗಳಾದರೂ ಚೇತರಿಸಿಕೊಳ್ಳದವರಿಗೆ ಎರಡು ಬಗೆಯ ಆಪ್ತಸಮಾಲೋಚನೆ ನೀಡಿ ಪರೀಕ್ಷಿಸಿತ್ತು. ಗಂಡಸರಿಗೆ ಹೆಚ್ಚು ನೆರವಾದದ್ದು ಮನಸ್ಸಿನ ನೋವನ್ನು ಹೊರಹಾಕುವ ಮಾತುಕತೆ. ಹೆಂಗಸರಿಗೆ ಹೆಚ್ಚು ನೆರವಾದದ್ದು ದಿನನಿತ್ಯದ ಸಮಸ್ಯೆಗಳನ್ನು ಬಿಡಿಸುವ ಮಾತುಕತೆ. ಯಾರಿಗೆ ಯಾವುದು ರೂಢಿಯಲ್ಲಿರಲಿಲ್ಲವೋ ಅದೇ ಅವರಿಗೆ ಬೇಕಾಗಿತ್ತು. ಈ ಫಲಿತಾಂಶವನ್ನು ಓದಿದಾಗಲೆಲ್ಲ ನನಗೆ ನಮ್ಮ ಎಷ್ಟೋ ಮನೆಗಳ ಗಂಡಸರು ಕಣ್ಣಮುಂದೆ ಬರುತ್ತಾರೆ.

ಆದ್ದರಿಂದ, "ನೀವೇಕೆ ಅಳುವುದಿಲ್ಲ" ಎಂದು ಅವರನ್ನು ಕೇಳಬೇಡಿ. ಆ ಪ್ರಶ್ನೆಯಲ್ಲಿ ದೂರು ಕೇಳಿಸುತ್ತದೆ. ರಾತ್ರಿ ಅವರು ಗ್ಯಾಲರಿಯಲ್ಲಿ ನಿಂತಿರುವಾಗ ಪಕ್ಕದಲ್ಲಿ ಹೋಗಿ ನಿಲ್ಲಿ. ಮಾವನವರ ಬಗ್ಗೆ ಒಂದು ನಿರ್ದಿಷ್ಟ ಸಂಗತಿಯನ್ನು ಕೇಳಿ: ಅವರು ಗದ್ದೆಗೆ ಹೋಗುವಾಗ ಚಿಕ್ಕ ಮಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರೇ, ಮೊದಲ ಬಾರಿ ಮುಂಬಯಿಗೆ ಕಳುಹಿಸುವಾಗ ಏನು ಹೇಳಿದ್ದರು ಎಂಬಂತಹ ಪ್ರಶ್ನೆ. ಉತ್ತರ ಬಾರದಿದ್ದರೆ ಒತ್ತಾಯಿಸದೆ ಇನ್ನೊಂದು ದಿನಕ್ಕೆ ಬಿಡಿ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಗಂಡಸರಲ್ಲಿ ಖಿನ್ನತೆ ಅನೇಕ ಸಲ ಅಳುವಾಗಿ ಕಾಣದೆ ರೇಗಾಟ, ನಿದ್ರಾಹೀನತೆ, ಕುಡಿತ, ಕೆಲಸದಲ್ಲಿ ಮುಳುಗಿಹೋಗುವುದು ಮುಂತಾದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ; ಹಾಗಾಗಿ ಮನೆಯವರಿಗೂ ಕೆಲವೊಮ್ಮೆ ವೈದ್ಯರಿಗೂ ಅದು ತಿಳಿಯುವುದು ತಡವಾಗುತ್ತದೆ. ಖಿನ್ನತೆಯ ರೋಗನಿರ್ಣಯ ಹೆಂಗಸರಲ್ಲಿ ಹೆಚ್ಚು; ಆದರೆ 2022ರಲ್ಲಿ ನಮ್ಮ ದೇಶದಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳಲ್ಲಿ ಪ್ರತಿ 100ಕ್ಕೆ ಸುಮಾರು 72 ಗಂಡಸರದೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ವರ್ಷವಾದರೂ ನಿದ್ದೆ ಸರಿಯಾಗದಿದ್ದರೆ, ಊಟ ಸೇರದಿದ್ದರೆ, ಬದುಕಿನಲ್ಲಿ ಅರ್ಥವಿಲ್ಲವೆಂಬ ಮಾತು ಒಮ್ಮೆಯಾದರೂ ಬಾಯಿಗೆ ಬಂದರೆ ಮನೋವೈದ್ಯರನ್ನು ಕಾಣಲೇಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ನಿಮ್ಮ ಪತಿ ಕರೆ ಮಾಡಲು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ ಕೇಳಿಕೊಳ್ಳಬಹುದು.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ನಡೆದ ಜಗಳವನ್ನು ನನ್ನ ಹೆಂಡತಿ ಯಾರು ಏನು ಅಂದರು, ಯಾರು ಎಲ್ಲಿ ನಿಂತಿದ್ದರು ಎಂಬುದರ ಸಮೇತ ಹೇಳುತ್ತಾಳೆ. ನನಗೆ ಜಗಳವಾದದ್ದೇ ನೆನಪಿಲ್ಲ. ಭಾವನೆಯ ನೆನಪು ಹೆಂಗಸರ ಮಿದುಳಿನಲ್ಲಿ ಬೇರೆ ರೀತಿಯಲ್ಲಿ ಉಳಿಯುತ್ತದೆಯೇ? (ಮುಲುಂಡ್)

ಉತ್ತರ: ವ್ಯತ್ಯಾಸ ಕಂಡುಬಂದಿರುವ ಕೆಲವೇ ವಿಷಯಗಳಲ್ಲಿ ಇದೂ ಒಂದು. ಮನಸ್ಸು ಕಲಕಿದಾಗ ದೇಹದಲ್ಲಿ ಅಡ್ರಿನಲಿನ್‌ನಂತಹ ಒತ್ತಡದ ಹಾರ್ಮೋನುಗಳು ಏರುತ್ತವೆ. ಆಗ ಅಮಿಗ್ಡಲವು ಪಕ್ಕದಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಈ ಘಟನೆಯನ್ನು ಗಟ್ಟಿಯಾಗಿ ದಾಖಲಿಸುವಂತೆ ಪ್ರಚೋದಿಸುತ್ತದೆ. ಮದುವೆ, ಅಪಘಾತ, ಅವಮಾನಗಳು ದಿನನಿತ್ಯದ ಸಂಗತಿಗಳಿಗಿಂತ ಸ್ಪಷ್ಟವಾಗಿ ನೆನಪಿರುವುದಕ್ಕೆ ಇದು ಕಾರಣ, ಮತ್ತು ಇದು ಗಂಡು ಹೆಣ್ಣು ಇಬ್ಬರಲ್ಲಿಯೂ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಲ್ಯಾರಿ ಕಾಹಿಲ್ ಮತ್ತು ಅವರ ತಂಡ 2001ರಲ್ಲಿ, ಹೀಗೆ ದಾಖಲಾಗುವಾಗ ಗಂಡಸರಲ್ಲಿ ಬಲಗಡೆಯ ಅಮಿಗ್ಡಲಕ್ಕೂ ಹೆಂಗಸರಲ್ಲಿ ಎಡಗಡೆಯದಕ್ಕೂ ನೆನಪಿನೊಂದಿಗೆ ಹೆಚ್ಚು ಸಂಬಂಧವಿದೆಯೆಂದು ವರದಿ ಮಾಡಿತು. ಮರುವರ್ಷ ಇನ್ನೊಂದು ತಂಡ 12 ಗಂಡಸರು ಮತ್ತು 12 ಹೆಂಗಸರಿಗೆ ಸ್ಕ್ಯಾನರಿನೊಳಗೆ ಚಿತ್ರಗಳನ್ನು ತೋರಿಸಿ, ಮೂರು ವಾರಗಳ ನಂತರ ಪರೀಕ್ಷಿಸಿದಾಗ, ತೀವ್ರ ಭಾವನೆ ಹುಟ್ಟಿಸಿದ ಚಿತ್ರಗಳನ್ನು ಹೆಂಗಸರು ಹೆಚ್ಚು ನೆನಪಿಟ್ಟುಕೊಂಡಿದ್ದರು.

ಇಪ್ಪತ್ತನಾಲ್ಕು ಜನರ ಮೇಲೆ ನಡೆದ ಅಧ್ಯಯನದಿಂದ ಎಲ್ಲ ಗಂಡಂದಿರು ಮತ್ತು ಹೆಂಡತಿಯರ ಬಗ್ಗೆ ತೀರ್ಪು ಕೊಡಲಾಗದು. ಇದಕ್ಕೆ ಬಾಲ್ಯದ ಅಭ್ಯಾಸದ ಪಾಲೂ ಇದೆ. ರಾಬಿನ್ ಫಿವುಶ್ ಎಂಬ ಸಂಶೋಧಕಿ ತಂದೆತಾಯಿಗಳು ಚಿಕ್ಕ ಮಕ್ಕಳೊಂದಿಗೆ ಹಳೆಯ ಘಟನೆಗಳನ್ನು ಮಾತನಾಡುವುದನ್ನು ದಾಖಲಿಸಿದಾಗ, ಹೆಣ್ಣುಮಕ್ಕಳ ಜೊತೆ ಭಾವನೆಗಳ ಬಗ್ಗೆ, ಅದರಲ್ಲಿಯೂ ದುಃಖದ ಬಗ್ಗೆ, ಹೆಚ್ಚು ಮಾತನಾಡುತ್ತಾರೆಂಬುದು ಕಂಡುಬಂತು. ಹೀಗೆ ಮಾತಿಗೆ ತಂದ ಘಟನೆ ಮತ್ತೆ ಮತ್ತೆ ಮನನವಾಗಿ ಉಳಿಯುತ್ತದೆ. ನಿಮ್ಮ ಮನೆಯ ಮಟ್ಟಿಗೆ ಇನ್ನೊಂದು ಸಾಧ್ಯತೆಯನ್ನು ಮುಂದಿಡುತ್ತೇನೆ: ಅಂದು ನಿಮ್ಮ ಪಾಲಿಗೆ ಅದು ಮುಗಿದುಹೋದ ಜಗಳ, ನಿಮ್ಮ ಪತ್ನಿಗೆ ಉತ್ತರ ಸಿಗದೆ ಉಳಿದ ಮಾತು. ಮುಂದಿನ ಸಲ ಅವರು ಅದನ್ನು ಎತ್ತಿದಾಗ ನೆನಪಿಲ್ಲವೆಂದು ಹೇಳಿ ಏಳಬೇಡಿ. ಪೂರ್ತಿ ಕೇಳಿಸಿಕೊಂಡು, ಆಗ ತಪ್ಪಾಗಿತ್ತೆಂದು ಅನ್ನಿಸಿದರೆ ಅಷ್ಟನ್ನು ಒಪ್ಪಿಕೊಳ್ಳಿ.

ಪ್ರಶ್ನೆ: ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಂಡದ ನಾಯಕಿಯಾಗಿದ್ದೇನೆ. ಸಭೆಯಲ್ಲಿ ಒಂದು ನಿರ್ಧಾರವನ್ನು ಖಡಾಖಂಡಿತವಾಗಿ ವಿರೋಧಿಸಿದ್ದಕ್ಕೆ ಮೇಲಧಿಕಾರಿಗಳು, "ಇವತ್ತು ಅವರ ಹಾರ್ಮೋನು ಮಾತಾಡುತ್ತಿದೆ" ಎಂದರು. ಎಲ್ಲರೂ ನಕ್ಕರು. ಹೆಂಗಸರ ಮನಸ್ಸು ತಿಂಗಳ ಚಕ್ರದೊಂದಿಗೆ ಏರಿಳಿಯುವುದು ನಿಜವೇ ಆಗಿದ್ದರೆ ನಾನು ಏನು ಹೇಳಬಹುದಿತ್ತು? (ಪುಣೆ)

ಉತ್ತರ: ಆ ನಗುವಿನಿಂದ ನಿಮಗಾದ ನೋವು ಸಹಜ, ಮತ್ತು ಅವರ ಮಾತಿಗೆ ಆಧಾರ ತೀರ ದುರ್ಬಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 142 ಗಂಡಸರು ಮತ್ತು ಹೆಂಗಸರ ಮನಃಸ್ಥಿತಿಯನ್ನು 75 ದಿನಗಳ ಕಾಲ ಪ್ರತಿದಿನ ದಾಖಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಜ ಋತುಚಕ್ರವಿರುವ ಹೆಂಗಸರು, ಗರ್ಭನಿರೋಧಕ ಮಾತ್ರೆ ಸೇವಿಸುವ ಹೆಂಗಸರು, ಗಂಡಸರು, ಈ ಎಲ್ಲರ ಭಾವನೆಗಳೂ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿಳಿದಿದ್ದವು. ಗಂಡಸರ ಏರಿಳಿತಕ್ಕೆ ಕೆಲಸದ ಒತ್ತಡ ಕಾರಣವೆನ್ನುವುದು, ಹೆಂಗಸರದ್ದಕ್ಕೆ ಹಾರ್ಮೋನು ಕಾರಣವೆನ್ನುವುದು ನೋಡುವವರ ಕಣ್ಣಿನ ದೋಷ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಎಲೈಜಾ ಬ್ಲಿಸ್ ಮೊರೊ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಭಾವನೆ ವ್ಯಕ್ತಪಡಿಸುವ ಮುಖಗಳ ಚಿತ್ರಗಳ ಜೊತೆಗೆ ಅದಕ್ಕೆ ಕಾರಣವಾದ ಸನ್ನಿವೇಶವನ್ನೂ ಒದಗಿಸಲಾಗಿತ್ತು. ಆದರೂ ನೋಡಿದವರು ಹೆಂಗಸರ ಮುಖಕ್ಕೆ "ಸ್ವಭಾವವೇ ಹಾಗೆ" ಎಂದೂ ಗಂಡಸರ ಮುಖಕ್ಕೆ "ಇವತ್ತು ದಿನ ಸರಿಯಿಲ್ಲ" ಎಂದೂ ಕಾರಣ ಹಚ್ಚಿದ್ದೇ ಹೆಚ್ಚು.

ಮುಟ್ಟಿನ ಮುನ್ನಾದಿನಗಳಲ್ಲಿ ಕೆಲವು ಹೆಂಗಸರಿಗೆ ತೀವ್ರ ಖಿನ್ನತೆ, ರೇಗು, ಆತಂಕ ಉಂಟಾಗುವ ಒಂದು ಕಾಯಿಲೆ ಇದೆ. ಹೆರಿಗೆಯ ನಂತರದ ಖಿನ್ನತೆಯೂ ಇದೆ. ಎರಡಕ್ಕೂ ಚಿಕಿತ್ಸೆ ಇದೆ. ಈ ತೊಂದರೆ ಇರುವವರು ನಾಚಿಕೆಪಡದೆ ವೈದ್ಯರಲ್ಲಿಗೆ ಹೋಗಬೇಕು, ಮತ್ತು ಅಂತಹವರ ಕಷ್ಟವನ್ನು ಸಭೆಯ ನಗೆಮಾತಾಗಿ ಬಳಸುವುದು ಅವರಿಗೂ ಮಾಡಿದ ಅನ್ಯಾಯ. ನೀವು ಆ ಅಧಿಕಾರಿಯನ್ನು ಪ್ರತ್ಯೇಕವಾಗಿ ಭೇಟಿಯಾಗಿ, "ನನ್ನ ಆಕ್ಷೇಪಕ್ಕೆ ನಾನು ಕೊಟ್ಟ ಕಾರಣಗಳು ಇವು, ಇವುಗಳಿಗೆ ಉತ್ತರ ಬೇಕು" ಎಂದು ಹೇಳಿ. ಅದನ್ನೇ ಅದೇ ದಿನ ಇಮೇಲಿನಲ್ಲಿಯೂ ಬರೆದು ಕಳುಹಿಸಿ.

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಬಿದ್ದು ಅತ್ತರೆ ಅತ್ತೆಯವರು, "ಹುಡುಗಿಯ ಹಾಗೆ ಅಳಬೇಡ" ಎನ್ನುತ್ತಾರೆ. ಈಗ ಅವನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಾನೆ. ಹುಡುಗರು ಹುಟ್ಟಿನಿಂದಲೇ ಗಟ್ಟಿಯೇ? (ಮೀರಾ ರೋಡ್)

ಉತ್ತರ: ಹಸುಳೆಗಳನ್ನು ನೋಡಿದರೆ ಇದಕ್ಕೆ ವಿರುದ್ಧವಾದುದೇ ಕಾಣುತ್ತದೆ. ಕ್ಯಾಥರೀನ್ ವೈನ್‌ಬರ್ಗ್, ಎಡ್ವರ್ಡ್ ಟ್ರೋನಿಕ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತಾಗ, ಆರು ತಿಂಗಳ ಗಂಡುಮಕ್ಕಳೇ ಹೆಣ್ಣುಮಕ್ಕಳಿಗಿಂತ ಹೆಚ್ಚು ರಚ್ಚೆ ಹಿಡಿದವು, ಹೆಚ್ಚು ಅತ್ತವು. 2013ರಲ್ಲಿ ಟಾರಾ ಚಾಪ್ಲಿನ್ ಮತ್ತು ಅಮೆಲಿಯಾ ಆಲ್ಡಾವೊ 166 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹುಡುಗ ಹುಡುಗಿಯರು ಭಾವನೆ ತೋರಿಸುವುದರಲ್ಲಿ ಇರುವ ವ್ಯತ್ಯಾಸ ತೀರ ಸಣ್ಣದೆಂದೂ ಅದು ವಯಸ್ಸಿನೊಂದಿಗೆ, ಸುತ್ತ ಇರುವವರಿಗೆ ತಕ್ಕಂತೆ ಬದಲಾಗುತ್ತದೆಂದೂ ತಿಳಿದುಬಂತು. ದೊಡ್ಡವರು ಕೂಡ ಮಗುವಿನ ಲಿಂಗ ನೋಡಿ ಅದರ ಭಾವನೆಯನ್ನು ಊಹಿಸುತ್ತಾರೆ: 1976ರ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಪೆಟ್ಟಿಗೆಯಿಂದ ಥಟ್ಟನೆ ಗೊಂಬೆ ಜಿಗಿದಾಗ ಬೆಚ್ಚಿ ಅಳುವ ಒಂದೇ ಮಗುವಿನ ಒಂದೇ ದೃಶ್ಯವನ್ನು ತೋರಿಸಲಾಯಿತು. ಗಂಡು ಮಗು ಎಂದು ಹೇಳಿದಾಗ ನೋಡಿದವರಿಗೆ ಅದರಲ್ಲಿ ಹೆಚ್ಚು ಸಿಟ್ಟು ಕಂಡಿತು, ಹೆಣ್ಣು ಮಗು ಎಂದಾಗ ಹೆಚ್ಚು ಭಯ ಕಂಡಿತು.

ನಿಮ್ಮ ಮಗ ಬಾಗಿಲು ಹಾಕಿಕೊಂಡು ಅಳುವುದು ನನಗೆ ಕಳವಳ ತಂದಿದೆ. ಅತ್ತೆಯವರನ್ನು ಎಲ್ಲರೆದುರು ತಿದ್ದಬೇಡಿ. ಅವರು ಕೇಳಿ ಬೆಳೆದ ಮಾತನ್ನೇ ಮೊಮ್ಮಗನ ಮೇಲಿನ ಅಕ್ಕರೆಯಿಂದ ಹೇಳುತ್ತಿದ್ದಾರೆ. ಅವನು ಮತ್ತೆ ಬಿದ್ದಾಗ ಅವರ ಕೈಗೇ ಅರಸಿನ ಕೊಟ್ಟು, "ಅತ್ತೆ, ನೀವೇ ಹಚ್ಚಿ, ಎಲ್ಲಿ ನೋಯುತ್ತದೆ ಎಂದು ಅವನನ್ನೇ ಕೇಳಿ" ಎನ್ನಿ. ಅವನ ತಂದೆಯೂ ಮಗನೆದುರು, "ಇವತ್ತು ಆಫೀಸಿನಲ್ಲಿ ನನಗೆ ಬೇಸರವಾಯಿತು" ಎಂದು ಬಾಯಿಬಿಟ್ಟು ಹೇಳುವುದನ್ನು ರೂಢಿಸಿಕೊಳ್ಳಲಿ. ಇದು ಎಲ್ಲ ಉಪದೇಶಕ್ಕಿಂತ ಬೇಗ ಮಗುವಿಗೆ ತಲುಪುತ್ತದೆ.

ಪ್ರಶ್ನೆ: ನಾನು ಮನೋವಿಜ್ಞಾನದ ವಿದ್ಯಾರ್ಥಿ. ಸ್ಕ್ಯಾನ್ ನೋಡಿ ಮಿದುಳು ಗಂಡಿನದೋ ಹೆಣ್ಣಿನದೋ ಎಂದು ಕೃತಕ ಬುದ್ಧಿಮತ್ತೆ 90 ಶೇಕಡಾಕ್ಕಿಂತ ಹೆಚ್ಚು ನಿಖರವಾಗಿ ಹೇಳುತ್ತದೆಯೆಂದು ಓದಿದೆ. ಹಾಗಿದ್ದರೆ ವ್ಯತ್ಯಾಸವಿಲ್ಲವೆನ್ನುವುದು ಹೇಗೆ? (ಘಾಟ್ಕೋಪರ್)

ಉತ್ತರ: ನೀವು ಓದಿದ್ದು 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ಮತ್ತು ಅವರ ತಂಡ ಪ್ರಕಟಿಸಿದ ಅಧ್ಯಯನ, ಅದು ಗಂಭೀರವಾದ ಕೆಲಸ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ಬಳಸಿದ ಸ್ಕ್ಯಾನುಗಳು, ಜನರು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿರುವಾಗ ತೆಗೆದವು. ದುಃಖ ಬಂದಾಗ ಯಾರು ಹೆಚ್ಚು ದುಃಖಿಸುತ್ತಾರೆ ಎಂಬುದನ್ನು ಅವು ಅಳೆದಿಲ್ಲ. ಅನೇಕ ಸಣ್ಣ ಸಣ್ಣ ಸುಳಿವುಗಳನ್ನು ಒಟ್ಟುಗೂಡಿಸಿ ಕಂಪ್ಯೂಟರು ಲಿಂಗವನ್ನು ಗುರುತಿಸಬಲ್ಲದು. ಆ ಒಂದೊಂದು ಸುಳಿವಿನಲ್ಲಿಯೂ ಎರಡು ಗುಂಪುಗಳು ಬಹುಪಾಲು ಒಂದರ ಮೇಲೊಂದು ಹಬ್ಬಿಕೊಂಡಿರಬಹುದು. ಟೆಲ್ ಅವೀವ್‌ನ ಡಾಫ್ನಾ ಜೋಯೆಲ್ 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳುಗಳ ಸ್ಕ್ಯಾನ್ ಪರಿಶೀಲಿಸಿದಾಗ, ಹೆಚ್ಚಿನವರಲ್ಲಿ ಗಂಡಸರಲ್ಲಿ ಸಾಮಾನ್ಯವಾದ ಲಕ್ಷಣಗಳೂ ಹೆಂಗಸರಲ್ಲಿ ಸಾಮಾನ್ಯವಾದ ಲಕ್ಷಣಗಳೂ ಬೆರೆತೇ ಇದ್ದವು.

ನೀವು ಗ್ರಂಥಾಲಯದಲ್ಲಿ ಹುಡುಕಿ ಓದಬೇಕಾದ ಇನ್ನೊಂದು ಲೇಖನ ಕೇಟರಿ ಮ್ಯಾಕ್ರೇ ಮತ್ತು ಜೊತೆಗಾರರು 2008ರಲ್ಲಿ ಬರೆದದ್ದು. ಅಹಿತಕರ ಚಿತ್ರವನ್ನು ಬೇರೆ ದೃಷ್ಟಿಯಿಂದ ನೋಡಿ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವಂತೆ ಅವರು ಗಂಡಸರಿಗೂ ಹೆಂಗಸರಿಗೂ ಸೂಚಿಸಿದ್ದರು. ಬೇಸರ ಕಡಿಮೆಯಾದ ಪ್ರಮಾಣವನ್ನು ಇಬ್ಬರೂ ಒಂದೇ ರೀತಿ ವರದಿ ಮಾಡಿದರು. ಮಿದುಳಿನಲ್ಲಿ ಮಾತ್ರ, ಗಂಡಸರಲ್ಲಿ ಅಮಿಗ್ಡಲದ ಚಟುವಟಿಕೆ ಹೆಚ್ಚು ಇಳಿದಿತ್ತು ಮತ್ತು ಹಣೆಯ ಹಿಂದಿನ ಭಾಗದ ಚಟುವಟಿಕೆ ಕಡಿಮೆ ಏರಿತ್ತು. ಹೆಂಗಸರಲ್ಲಿ ಪ್ರತಿಫಲ, ಸಂತೋಷಗಳೊಂದಿಗೆ ಸಂಬಂಧವಿರುವ ಭಾಗವೂ ಹೆಚ್ಚು ಸಕ್ರಿಯವಾಗಿತ್ತು. ವ್ಯತ್ಯಾಸ ಇದೆಯೇ ಇಲ್ಲವೇ ಎಂದು ಕೇಳುವ ಬದಲು, ಯಾವ ಕೆಲಸದಲ್ಲಿ, ಎಷ್ಟು ಜನರಲ್ಲಿ, ಎಷ್ಟು ದೊಡ್ಡ ವ್ಯತ್ಯಾಸ ಎಂದು ಕೇಳುತ್ತ ಮೆನನ್ ಮತ್ತು ಮ್ಯಾಕ್ರೇ ತಂಡಗಳ ಈ ಎರಡೂ ಲೇಖನಗಳ ವಿಧಾನದ ಭಾಗವನ್ನು ಮೊದಲು ಓದಿ, ಫಲಿತಾಂಶವನ್ನು ಆಮೇಲೆ ಓದಿ.